ಬೇಂದ್ರೆ ಅಂದರೆ ಯಾವ ಬೇಂದ್ರೆ? ಒಂದೇ ಅಡ್ಡಹೆಸರಿನ ವಿದ್ವಾಂಸರು ಮತ್ತು ಚಿತ್ರಕಾರರು

ಕೆರೆದಂಡೆ:

ಎಲ್ಲರಿಗೂ ನಮಸ್ಕಾರ. ಒಂದು ಫಲಕದ ವಿಷಯ ಹೇಳಬೇಕಿದೆ.

ನಮ್ಮ ಬಡಾವಣೆಯ ರಾಜ್ಯೋತ್ಸವಕ್ಕೆ ಈ ಸಲ ಗೋಡೆ ತುಂಬ ಸಾಹಿತಿಗಳ ಫಲಕ ಹಾಕೋಣ ಅಂತ ತೀರ್ಮಾನ ಆಗಿತ್ತು. ಹೆಸರುಗಳ ಪಟ್ಟಿ ನಾನೇ ಕೊಟ್ಟಿದ್ದೆ. ನಿನ್ನೆ ಸಂಜೆ ಸುರುಳಿ ಬಿಚ್ಚಿ ನೋಡಿದರೆ ವರಕವಿ ಬೇಂದ್ರೆಯವರ ಫೋಟೊ ಪಕ್ಕದಲ್ಲಿ ಒಂದು ಬಣ್ಣದ ಚಿತ್ರ. ಇಬ್ಬರು ಹಳ್ಳಿ ಹೆಂಗಸರು ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದಾರೆ. ಸೀರೆ, ನೆಲ, ಹಿಂದಿನ ಮರ ಎಲ್ಲವೂ ಸಣ್ಣ ಸಣ್ಣ ಚುಕ್ಕಿಗಳಿಂದ ಆದದ್ದು. ಮೂಲೆಯಲ್ಲಿ ದೇವನಾಗರಿಯಲ್ಲಿ ಬೇಂದ್ರೆ ಅಂತ ಸಹಿ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ "ಕವಿಯೇ ಬಿಡಿಸಿದ ಚಿತ್ರ" ಅಂತ ಅಚ್ಚಾಗಿದೆ.

ಅದು ಕವಿಯ ಚಿತ್ರ ಅಲ್ಲ. ನಾರಾಯಣ ಶ್ರೀಧರ ಬೇಂದ್ರೆಯವರದು. ಅವರು ಹುಟ್ಟಿದ್ದು 1910ರಲ್ಲಿ, ಇಂದೋರಿನಲ್ಲಿ. ಅಲ್ಲಿನ ಚಿತ್ರಶಾಲೆಯಲ್ಲಿ ದೇವಳಾಲೀಕರ್ ಮಾಸ್ತರರ ಹತ್ತಿರ ಕಲಿತರು. ಚಿತ್ರಕಾರ ಎಂ. ಎಫ್. ಹುಸೇನ್ ಕೂಡ ಅದೇ ಮಾಸ್ತರರ ಶಿಷ್ಯ. 1950ರಲ್ಲಿ ಬರೋಡದ ವಿಶ್ವವಿದ್ಯಾಲಯದಲ್ಲಿ ಲಲಿತಕಲೆಯ ವಿಭಾಗ ಶುರುವಾದಾಗ ಚಿತ್ರಕಲೆ ಕಲಿಸುವ ಹೊಣೆ ಹೊತ್ತವರು ಇವರು. ಮುಂದೆ ಅಲ್ಲೇ ಡೀನ್ ಆದರು, 1966ರಲ್ಲಿ ಬಿಟ್ಟು ಮುಂಬೈಗೆ ಹೋದರು. ಆ ಚುಕ್ಕಿಗಳ ಕೆಲಸ ಆಮೇಲಿನದು. ತೀರಿಕೊಂಡದ್ದು 1992ರಲ್ಲಿ.

ನಮ್ಮ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು ಹುಟ್ಟಿದ್ದು 1896ರ ಜನವರಿ 31, ಧಾರವಾಡ. ಇಬ್ಬರಿಗೂ ಮನೆಮಾತು ಮರಾಠಿ, ಇಬ್ಬರೂ ಮೇಷ್ಟ್ರು, ಇಬ್ಬರೂ ಕೊನೆಯುಸಿರೆಳೆದದ್ದು ಮುಂಬೈಯಲ್ಲಿ. ಹೀಗಿದ್ದ ಮೇಲೆ ಗೊಂದಲ ಆಗುವುದು ಸಹಜ, ಒಪ್ಪುತ್ತೇನೆ. ಆದರೆ ನನಗೆ ಬೇಜಾರಾದದ್ದು ತಪ್ಪು ಆಯಿತು ಅಂತ ಅಲ್ಲ. ತಿದ್ದೋಣ ಅಂದಾಗ ಸಮಿತಿಯವರೊಬ್ಬರು "ಬಿಡಿ ಸರ್, ಬೇಂದ್ರೆ ಅಂದರೆ ಬೇಂದ್ರೆ, ಯಾರು ನೋಡುತ್ತಾರೆ" ಅಂದರು. ಒಬ್ಬ ಮನುಷ್ಯ ಐವತ್ತು ಅರವತ್ತು ವರ್ಷ ಕೈಯಲ್ಲಿ ಕುಂಚ ಹಿಡಿದು ದುಡಿದಿದ್ದಾನೆ. ಅವನ ಕೆಲಸವನ್ನ ಇನ್ನೊಬ್ಬರ ಹೆಸರಿಗೆ ಹಾಕಿ ಹೀಗೆ ಕೈ ತೊಳೆದುಕೊಳ್ಳಬಹುದಾ?

ಇಂಥ ಜೋಡಿಗಳು ನಿಮಗೆ ಗೊತ್ತಿದ್ದರೆ ಹೇಳಿ. ಒಂದೇ ಅಡ್ಡಹೆಸರು, ಒಬ್ಬರು ಓದು ಬರಹದವರು, ಇನ್ನೊಬ್ಬರು ಬಣ್ಣದವರು. ಠಾಕೂರರ ಮನೆ ಬೇಡ, ಅದು ಒಂದೇ ಕುಟುಂಬ.

ಮಲ್ಲಿಗೆಸಾಲು:

ನಾನು ಇಷ್ಟು ದಿನ ಇವರಿಬ್ಬರು ಅಣ್ಣ ತಮ್ಮ ಅಂತಲೇ ತಿಳಿದಿದ್ದೆ. ಯಾರೋ ಹೇಳಿದ್ದು ಹಾಗೇ ತಲೆಯಲ್ಲಿ ಕೂತಿತ್ತು.

ಪುಣೆಪೇಟೆ:

ಕೆರೆದಂಡೆ ಅವರೇ, ನಿಮ್ಮ ಲೆಕ್ಕದಲ್ಲಿ ಇನ್ನೊಬ್ಬ ಬೇಂದ್ರೆ ಸೇರಬೇಕು. ನಾನು ಇಪ್ಪತ್ತು ವರ್ಷದಿಂದ ಪುಣೆಯಲ್ಲಿದ್ದೇನೆ. ಇಲ್ಲಿ ಇತಿಹಾಸ ಓದುವವರ ನಡುವೆ ಕೂತು ಬೇಂದ್ರೆ ಅಂದರೆ ಅವರಿಗೆ ನೆನಪಾಗುವುದು ವಾಸುದೇವ ಸೀತಾರಾಮ ಬೇಂದ್ರೆ. ಹುಟ್ಟಿದ್ದು 1894, ನಮ್ಮ ಕವಿಗಿಂತ ಎರಡೇ ವರ್ಷಕ್ಕೆ ದೊಡ್ಡವರು. ತೀರಿಕೊಂಡದ್ದು 1986. ಶಿವಾಜಿ, ಸಂಭಾಜಿ ಕಾಲದ ಕಾಗದಪತ್ರ ಹುಡುಕುವುದರಲ್ಲೇ ಆಯುಷ್ಯ ಕಳೆದವರು.

ನಿಮ್ಮ ವಿಷಯಕ್ಕೆ ಇವರು ಬೇಕು ಅನ್ನುವುದಕ್ಕೆ ಕಾರಣ ಇದೆ. ಅವರ ಹೆಸರು ಮನೆಮನೆಗೆ ಗೊತ್ತಾದದ್ದು ಒಂದು ಚಿತ್ರದಿಂದ. ಆ ಕಾಲದಲ್ಲಿ ಬೇರೆ ಯಾರೋ ಸರದಾರನ ಚಿತ್ರವನ್ನ ಶಿವಾಜಿ ಮಹಾರಾಜರದ್ದು ಅಂತ ಅಚ್ಚು ಹಾಕಿ ಮಾರುತ್ತಿದ್ದರು. ಇವರು ಹಳೇ ದಾಖಲೆ ಜಾಲಾಡಿ ಡಚ್ಚರ ಕಾಲದ ಒಂದು ಚಿತ್ರ ಪತ್ತೆ ಮಾಡಿದರು, ಇದೇ ನಿಜವಾದದ್ದು ಅಂತ ವಾದ ಕಟ್ಟಿ 1933ರಲ್ಲಿ ಜನರ ಮುಂದಿಟ್ಟರು. ಸಂಭಾಜಿಯ ವಿಷಯದಲ್ಲೂ ಹಾಗೇ. ನಾಟಕಗಳಲ್ಲಿ ಅವನನ್ನ ಕುಡುಕ, ಪೋಲಿ ಅಂತ ತೋರಿಸುವುದು ರೂಢಿಯಾಗಿತ್ತು. ಇವರು ದಶಕಗಟ್ಟಲೆ ಕಾಗದ ಕೂಡಿಹಾಕಿ 1960ರಲ್ಲಿ ದೊಡ್ಡ ಚರಿತ್ರೆ ಬರೆದರು.

ತಪ್ಪು ಹೆಸರು ಅಂಟಿದ ಚಿತ್ರವನ್ನ ತಿದ್ದಿದ್ದು ಒಬ್ಬ ಬೇಂದ್ರೆ. ಈಗ ನಿಮ್ಮ ಫಲಕದಲ್ಲಿ ತಪ್ಪು ಹೆಸರು ಅಂಟಿರುವುದು ಇನ್ನೊಬ್ಬ ಬೇಂದ್ರೆಯ ಚಿತ್ರಕ್ಕೆ. ದಯವಿಟ್ಟು ತಿದ್ದಿಸಿ.

ಕೆರೆದಂಡೆ:

ಪುಣೆಪೇಟೆ ಅವರೇ, ಇದನ್ನ ಓದಿ ಮೈ ಜುಂ ಅಂದಿತು. ಸಮಿತಿಯವರಿಗೆ ನಾಳೆಯೇ ಓದಿ ಹೇಳುತ್ತೇನೆ.

ಇನ್ನೊಂದು ಮಾತು. ಬೇಂದ್ರೆ ಅನ್ನುವ ಹೆಸರೇ ನಮ್ಮ ಕವಿಯ ಮನೆಗೆ ಮೊದಲಿನಿಂದ ಇದ್ದದ್ದಲ್ಲ. ಅವರ ಮನೆತನದ ಮೂಲ ಹೆಸರು ಠೋಸರ. ಗದಗದ ಹತ್ತಿರದ ಶಿರಹಟ್ಟಿ ಕಡೆಯ ವೈದಿಕರ ಮನೆ, ತಂದೆಯನ್ನ ಜನ ಕರೆಯುತ್ತಿದ್ದದ್ದು ರಾಮಚಂದ್ರ ಭಟ್ಟ ಅಂತ. ಅಂದರೆ ಒಂದೇ ಮನೆಗೆ ಮೂರು ಹೆಸರು ಸಾಧ್ಯ ಇತ್ತು. ಒಂದು ಮೂಲದ್ದು, ಒಂದು ಕಸುಬಿನದ್ದು, ಒಂದು ಕೊನೆಗೆ ಉಳಿದದ್ದು. ಹೆಸರು ಒಂದೇ ಇದೆ ಅಂತ ರಕ್ತಸಂಬಂಧ ಕಟ್ಟುವ ಮೊದಲು ಇದನ್ನ ಯೋಚನೆ ಮಾಡಬೇಕು ಅಲ್ವಾ?

ಕುಡ್ಲದಮಳೆ:

ನಮ್ಮ ಕಡೆಯ ಜೋಡಿ ಪೈಗಳದ್ದು. ಮಂಜೇಶ್ವರದ ಗೋವಿಂದ ಪೈಗಳು 1883ರಲ್ಲಿ ಹುಟ್ಟಿದವರು. 1949ರಲ್ಲಿ ಆಗಿನ ಮದರಾಸು ಸರ್ಕಾರ ಅವರಿಗೆ ರಾಷ್ಟ್ರಕವಿ ಅಂತ ಬಿರುದು ಕೊಟ್ಟಿತು. ಕವಿ ಅಂತ ಎಲ್ಲರಿಗೂ ಗೊತ್ತು, ಆದರೆ ಅವರ ಸಂಶೋಧನೆ ಓದಿದವರು ಕಡಿಮೆ. ತುಳುನಾಡಿನ ಚರಿತ್ರೆ, ಶಾಸನ, ಜೈನ ಬೌದ್ಧ ವಿಷಯ, ಹಳೇ ಕವಿಗಳ ಕಾಲನಿರ್ಣಯ ಅಂತ ಬರೆದಿದ್ದಕ್ಕೆ ಲೆಕ್ಕವೇ ಇಲ್ಲ. ಇಪ್ಪತ್ತಕ್ಕೂ ಹೆಚ್ಚು ಭಾಷೆ ಗೊತ್ತಿದ್ದ ಮನುಷ್ಯ. ಕನ್ನಡ ಪದ್ಯದಲ್ಲಿ ಎರಡನೇ ಅಕ್ಷರದ ಪ್ರಾಸ ಬಿಟ್ಟು ಬರೆದ ಧೈರ್ಯ ಅವರದ್ದು. ಆಗ ಅದು ಸಣ್ಣ ಮಾತಲ್ಲ.

ಇನ್ನೊಬ್ಬರು ಚಿತ್ರಕಾರ ಲಕ್ಷ್ಮಣ ಪೈ, ಗೋವಾದ ಮಡಗಾಂವಿನವರು. 1926ರಲ್ಲಿ ಹುಟ್ಟಿ 2021ರಲ್ಲಿ ತೀರಿಕೊಂಡರು. ಮುಂಬೈಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು ಪ್ಯಾರಿಸ್ಸಿಗೆ ಹೋಗಿ ಹತ್ತು ವರ್ಷ ಇದ್ದರು. ಆದರೆ ಅಲ್ಲಿ ಕೂತು ಬಿಡಿಸಿದ್ದು ಗೀತಗೋವಿಂದ, ರಾಮಾಯಣ, ಗೋವಾದ ಜನ. ಆಮೇಲೆ ರಾಗಗಳನ್ನ ಚಿತ್ರ ಮಾಡಿದರು. ವಾಪಸ್ ಬಂದು ಗೋವಾ ಕಲಾ ಕಾಲೇಜಿನ ಪ್ರಾಂಶುಪಾಲರಾಗಿದ್ದರು, 2018ರಲ್ಲಿ ಪದ್ಮಭೂಷಣ ಬಂತು.

ಇವರಿಬ್ಬರ ಹೆಸರು ಗೊಂದಲ ಆಗುವುದಿಲ್ಲ, ಯಾಕೆಂದರೆ ನಮ್ಮಲ್ಲಿ ಗೋವಿಂದ ಪೈ, ಲಕ್ಷ್ಮಣ ಪೈ ಅಂತ ಪೂರ್ತಿ ಹೇಳುವುದು ಅಭ್ಯಾಸ. ಬರೀ ಪೈ ಅಂದರೆ ಮಂಗಳೂರಿನಲ್ಲಿ ಒಂದು ಬೀದಿಯೇ ತಿರುಗಿ ನೋಡುತ್ತದೆ. ಮಕ್ಕಳಿಗೆ ಮಾತ್ರ ಪೈ ಅಂದರೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಗಳು, ಅಮರ ಚಿತ್ರಕಥೆ ಶುರು ಮಾಡಿದವರು. ನನಗೂ ಚಿತ್ರದ ರುಚಿ ಹತ್ತಿದ್ದು ಅಲ್ಲಿಂದಲೇ.

ಸಹ್ಯಾದ್ರಿಸಾಲು:

ಕಾರಂತರದ್ದೂ ಸೇರಿಸಿ. ಕೋಟದ ಶಿವರಾಮ ಕಾರಂತರು ಕಾದಂಬರಿ ಬರೆದರು, ಜೊತೆಗೆ ಚಿತ್ರಕಲೆ, ಶಿಲ್ಪ, ಯಕ್ಷಗಾನದ ಬಗ್ಗೆಯೂ ಬರೆದರು. ಅವರ ಚೋಮನ ದುಡಿಯನ್ನ 1975ರಲ್ಲಿ ಸಿನಿಮಾ ಮಾಡಿದ್ದು ಬಿ. ವಿ. ಕಾರಂತರು, ಬಂಟ್ವಾಳ ತಾಲೂಕಿನವರು. ಪೋಸ್ಟರಿನಲ್ಲಿ ಎರಡು ಕಾರಂತ ನೋಡಿ ಅಪ್ಪ ಬರೆದದ್ದು, ಮಗ ಸಿನಿಮಾ ಮಾಡಿದ್ದು ಅಂದುಕೊಂಡವರನ್ನ ನಾನೇ ಕಂಡಿದ್ದೇನೆ. ಶಿವರಾಮ ಕಾರಂತರ ಮಗ ಹುಲಿಗಳ ಅಧ್ಯಯನ ಮಾಡುವ ಉಲ್ಲಾಸ ಕಾರಂತರು.

ಬಯಲುದಾರಿ:

ಎಲ್ಲರ ಮಾತೂ ಚೆನ್ನಾಗಿದೆ, ಆದರೂ ನನ್ನದೊಂದು ತಕರಾರು. ಒಂದೇ ಅಡ್ಡಹೆಸರು ಅಂದಮೇಲೆ ಹಿಂದೆ ಎಲ್ಲೋ ಒಂದು ಬೇರು ಇರಲೇಬೇಕು. ಬೇಂದ್ರೆ, ಪೈ ಇವೆಲ್ಲ ದಾರಿಯಲ್ಲಿ ಬಿದ್ದು ಸಿಗುವ ಹೆಸರಲ್ಲ. ಸುಮ್ನೆ ಕಾಕತಾಳೀಯ ಅಂದುಬಿಡುವುದು ಸರಿ ಅಲ್ಲ. ಓದು, ಕಲೆ ಕೆಲವು ಮನೆತನಗಳಲ್ಲಿ ಹರಿದು ಬರುತ್ತದೆ ಅನ್ನುವುದು ನನ್ನ ನಂಬಿಕೆ.

ಕೆರೆದಂಡೆ:

ಬಯಲುದಾರಿ ಅವರೇ, ನಿಮ್ಮ ಮಾತಿಗೆ ಬೆಲೆ ಕೊಟ್ಟೇ ಉತ್ತರ ಕೊಡುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಹೆಬ್ಬಾರ್ ಅನ್ನುವ ಹೆಸರನ್ನೇ ತೆಗೆದುಕೊಳ್ಳಿ. ಚಿತ್ರಕಾರ ಕೆ. ಕೆ. ಹೆಬ್ಬಾರರು ಉಡುಪಿ ಹತ್ತಿರದ ಕಟ್ಟಿಂಗೇರಿಯವರು, 1911ರಲ್ಲಿ ಹುಟ್ಟಿದವರು. ಒಂದೇ ಗೆರೆಯಲ್ಲಿ ಕುಣಿಯುವ ಹುಡುಗಿಯನ್ನ ನಿಲ್ಲಿಸಿಬಿಡುತ್ತಿದ್ದರು. ಲಯ ಅಂದರೆ ಏನು ಅಂತ ಮೈಯಿಂದಲೇ ತಿಳಿಯಬೇಕು ಅಂತ ಕಥಕ್ ಕಲಿತರು. ಇವರು ತುಳುನಾಡಿನ ಹೆಬ್ಬಾರರು. ಇತ್ತ ಹಳೇ ಮೈಸೂರಿನ ಕಡೆ ಹೆಬ್ಬಾರ್ ಅಯ್ಯಂಗಾರರು ಇದ್ದಾರೆ, ಮನೆಯಲ್ಲಿ ಆಡುವುದು ಕನ್ನಡ ಬೆರೆತ ತಮಿಳು. ಊರು ಬೇರೆ, ಮನೆಮಾತು ಬೇರೆ, ಸಂಪ್ರದಾಯ ಬೇರೆ. ಹೆಬ್ಬಾರ ಅಂದರೆ ಹಿರಿಯ ಹಾರುವ. ಹೆಬ್ಬಾಗಿಲು, ಹೆಬ್ಬಾವು ಅನ್ನುತ್ತೇವಲ್ಲ, ಅದೇ ಹೆ. ಊರಿಗೆ ಹಿರಿಯರಾದವರನ್ನ ಎರಡು ಕಡೆ ಹಾಗೆ ಕರೆದರೆ ಹೆಸರು ಎರಡು ಕಡೆ ಹುಟ್ಟುತ್ತದೆ.

ಕುಲಕರ್ಣಿ ಅಂದರೆ ಊರ ಲೆಕ್ಕ ಬರೆಯುವ ಕೆಲಸ. ಬಾಗಲಕೋಟೆಯಿಂದ ನಾಗಪುರದವರೆಗೆ ಪ್ರತಿ ಊರಿನಲ್ಲೂ ಲೆಕ್ಕದವನು ಇದ್ದ. ಕಾದಂಬರಿ ಬರೆದ ಗಳಗನಾಥರು ಕುಲಕರ್ಣಿ, ಬೆಳಗಾವಿ ಮೂಲದ ಚಿತ್ರಕಾರ ಕೆ. ಎಸ್. ಕುಲಕರ್ಣಿಯವರೂ ಕುಲಕರ್ಣಿ. ಈ ಎರಡನೆಯವರು ದೆಹಲಿಗೆ ಹೋಗಿ 1949ರಲ್ಲಿ ಗೆಳೆಯರ ಜೊತೆ ಶಿಲ್ಪಿ ಚಕ್ರ ಅನ್ನುವ ಕಲಾವಿದರ ಬಳಗ ಕಟ್ಟಿದರು. ಹಿಂದೆ ಯಾವುದೋ ಎರಡು ಊರಿನಲ್ಲಿ ಇಬ್ಬರು ಲೆಕ್ಕ ಬರೆದಿದ್ದರು ಅನ್ನುವುದಷ್ಟೇ ಆ ಹೆಸರು ಹೇಳುವ ಸುದ್ದಿ.

ಭಟ್ಟ ಅಂತೂ ಗುಜರಾತಿನಿಂದ ಕಾಸರಗೋಡಿನವರೆಗೆ ಇದೆ. ಸೇಡಿಯಾಪು ಕೃಷ್ಣ ಭಟ್ಟರು ನಮ್ಮ ಛಂದಸ್ಸು, ಶಬ್ದಗಳ ಮೇಲೆ ಬರೆದ ದೊಡ್ಡ ಪಂಡಿತರು. ಡಿ. ಎನ್. ಶಂಕರ ಭಟ್ಟರು ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಅಂತ ಹಟ ಹಿಡಿದವರು. ಭಾವನಗರದ ಜ್ಯೋತಿ ಭಟ್ಟರು ಚಿತ್ರಕಾರರು, ಹಳ್ಳಿಮನೆಗಳ ಗೋಡೆಚಿತ್ರ, ರಂಗೋಲಿಗಳನ್ನ ಊರೂರು ಸುತ್ತಿ ಫೋಟೊ ತೆಗೆದವರು. ಈ ಜ್ಯೋತಿ ಭಟ್ಟರಿಗೆ ಬರೋಡದಲ್ಲಿ ಚಿತ್ರ ಕಲಿಸಿದ ಗುರು ಯಾರು ಗೊತ್ತಾ? ನಮ್ಮ ಫಲಕದ ಎನ್. ಎಸ್. ಬೇಂದ್ರೆಯವರೇ.

ನೀವು ಹೇಳಿದ ಹಾಗೆ ಕಲೆ ಹರಿದು ಬರುತ್ತದೆ, ಅದು ನಿಜ. ಬೇಂದ್ರೆಯವರಿಂದ ಜ್ಯೋತಿ ಭಟ್ಟರಿಗೆ ಬಂದದ್ದು ಹಾಗೇ ಅಲ್ವಾ? ಅಡ್ಡಹೆಸರಿಗೂ ಅದಕ್ಕೂ ಏನೂ ಸಂಬಂಧ ಇರಲಿಲ್ಲ.

ಗಾಣದಕಟ್ಟೆ:

ನಾನು ಮೈಸೂರು ಸೀಮೆಯವನು, ನಮಗೆ ಅಡ್ಡಹೆಸರೇ ಇಲ್ಲ. ಇನಿಷಿಯಲ್ ಒಂದು, ಹೆಸರು ಒಂದು, ಮುಗಿಯಿತು. ಕೆ. ವೆಂಕಟಪ್ಪನವರು ಹಾಗೇ. 1886ರಲ್ಲಿ ಹುಟ್ಟಿದವರು, ಮೈಸೂರು ಅರಮನೆಯ ಚಿತ್ರಗಾರರ ಮನೆತನ. ನಾಲ್ವಡಿಯವರ ಕಾಲದಲ್ಲಿ ಕಲ್ಕತ್ತೆಗೆ ಹೋಗಿ ಚಿತ್ರಕಾರ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಅಲ್ಲಿ ಜೊತೆಗಿದ್ದವರು ನಂದಲಾಲ್ ಬೋಸ್. ಇಂಗ್ಲೆಂಡಿನಿಂದ ಬಂದ ಹೆರಿಂಗ್‌ಹ್ಯಾಮ್ ಅನ್ನುವ ಹೆಂಗಸು ಅಜಂತಾ ಗುಹೆಯ ಚಿತ್ರಗಳ ನಕಲು ಮಾಡುತ್ತಿದ್ದಾಗ ಇವರಿಬ್ಬರೂ ಹೋಗಿ ಆ ಕತ್ತಲೆಯಲ್ಲಿ ಕೂತು ಕೆಲಸ ಮಾಡಿದ್ದಾರೆ.

ಬೋಸ್ ಅಂದಾಗ ಎಲ್ಲರಿಗೂ ನೇತಾಜಿ, ಇಲ್ಲ ಗಿಡಗಳ ಮೇಲೆ ಪ್ರಯೋಗ ಮಾಡಿದ ಜಗದೀಶ ಚಂದ್ರ ಬೋಸ್. ಬಂಗಾಳಿಯಲ್ಲಿ ಅದು ಬಸು, ಇಂಗ್ಲಿಷರ ಬಾಯಲ್ಲಿ ಬೋಸ್ ಆದದ್ದು. ಜಗದೀಶ ಬೋಸರು 1917ರಲ್ಲಿ ಕಲ್ಕತ್ತೆಯಲ್ಲಿ ವಿಜ್ಞಾನ ಮಂದಿರ ಕಟ್ಟಿದಾಗ ಅದರ ಗೋಡೆಗೆ ಚಿತ್ರ ಬಿಡಿಸಿದವರು ನಂದಲಾಲ್ ಬೋಸ್. ಒಬ್ಬ ಬಸು ಕಟ್ಟಿಸಿದ ಮನೆಗೆ ಇನ್ನೊಬ್ಬ ಬಸು ಬಣ್ಣ ಹಚ್ಚಿದ, ಇದು ನನಗೆ ತುಂಬ ಇಷ್ಟ. ನಮ್ಮ ಸಂವಿಧಾನದ ಮೂಲ ಪ್ರತಿಯ ಪುಟಗಳನ್ನ ಸಿಂಗರಿಸಿದ್ದೂ ಇದೇ ನಂದಲಾಲರು ಮತ್ತು ಅವರ ಶಾಂತಿನಿಕೇತನದ ಶಿಷ್ಯರು.

ಕುಡ್ಲದಮಳೆ:

ಗಾಣದಕಟ್ಟೆ ಅವರ ಮಾತಿಗೆ ಸೇರಿಸಿ, ಕೇರಳದ ವರ್ಮರೂ ಇದ್ದಾರೆ. ಕಿಳಿಮಾನೂರಿನ ರಾಜಾ ರವಿವರ್ಮರ ಚಿತ್ರ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನೀವೆಲ್ಲ ನೋಡಿರುತ್ತೀರಿ. ಅವರಿಗಿಂತ ಮೊದಲು ಕಡತ್ತನಾಡಿನ ಶಂಕರ ವರ್ಮ ಅಂತ ಒಬ್ಬ ಗಣಿತಜ್ಞ ಇದ್ದರು, 1819ರಲ್ಲಿ ಸದ್ರತ್ನಮಾಲಾ ಬರೆದವರು, ಗಣಿತದ ಪೈ (π) ಬೆಲೆಯನ್ನ 17 ದಶಮಾಂಶ ಸ್ಥಾನದವರೆಗೆ ಲೆಕ್ಕ ಹಾಕಿದವರು. ವರ್ಮ ಅನ್ನುವುದು ಅಡ್ಡಹೆಸರಲ್ಲ, ಕ್ಷತ್ರಿಯ ಮನೆಗಳಲ್ಲಿ ಹೆಸರಿನ ಕೊನೆಗೆ ಇಡುವ ಪದ.

ತುಂಗಭದ್ರೆಸೊಸೆ:

ಇಷ್ಟು ಹೊತ್ತು ಎಲ್ಲರ ಮಾತೂ ಓದುತ್ತಿದ್ದೆ. ನೀವೆಲ್ಲ ಹೇಳುತ್ತಿರುವುದು ಹೆಸರು ಇದ್ದವರ ಬಗ್ಗೆ. ನಾನು ಹೇಳಬೇಕಾದದ್ದು ಒಂದೇ ಅಡ್ಡಹೆಸರಿನ ಒಂದು ಓಣಿಯ ಬಗ್ಗೆ.

ನಾನು ಮದುವೆಯಾಗಿ ಬಂದದ್ದು ಕೊಪ್ಪಳದ ಕಡೆಗೆ. ಇಲ್ಲೇ ಹತ್ತಿರ ಕಿನ್ನಾಳ. ಅಲ್ಲಿ ಗೊಂಬೆ ಮಾಡುವವರ ಅಡ್ಡಹೆಸರು ಚಿತ್ರಗಾರ. ಕೆಲಸವೇ ಹೆಸರು. ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದ ಚಾವಣಿ ಇದೆಯಲ್ಲ, ವಿದ್ಯಾರಣ್ಯರು ಪಲ್ಲಕ್ಕಿಯಲ್ಲಿ ಹೋಗುವ ಚಿತ್ರ ಇರುವುದು, ಅದನ್ನ ಬಿಡಿಸಿದ್ದು ತಮ್ಮ ಹಿರಿಯರೇ ಅಂತ ಅವರ ಮನೆಗಳಲ್ಲಿ ಹೇಳುತ್ತಾರೆ.

ನಾನು ಒಂದು ಮಧ್ಯಾಹ್ನ ಪೂರ್ತಿ ಅವರ ಪಡಸಾಲೆಯಲ್ಲಿ ಕೂತು ನೋಡಿದ್ದೇನೆ. ಮರ ತುಂಬ ಹಗುರ, ಕೈಗೆ ತೂಕವೇ ಗೊತ್ತಾಗುವುದಿಲ್ಲ. ಗೊಂಬೆಯ ಭಾಗಗಳನ್ನ ಬೇರೆ ಬೇರೆ ಕೆತ್ತಿ ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತಾರೆ. ಗೋಣಿನಾರು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಅದೇ ಹುಣಸೆ ಅಂಟು ಕಲಸಿದರೆ ಕಿಟ್ಟ ಆಗುತ್ತದೆ. ಸಂದು ಮುಚ್ಚುವುದು ಅದರಿಂದ. ಒಡವೆ, ಕಿರೀಟದ ಉಬ್ಬು ಮಾತ್ರ ಕಲ್ಲಿನ ಪುಡಿಗೆ ಅಂಟು ಬೆರೆಸಿದ ಹಿಟ್ಟಿನದು. ಅಜ್ಜಿ ಒಬ್ಬರು ಅದನ್ನ ಬೆರಳ ತುದಿಯಲ್ಲಿ ಎಳೆದು ಗರುಡನ ಕೊರಳಿಗೆ ಸರ ಇಡುತ್ತಿದ್ದರು. ಕಣ್ಣು ಸರಿಯಾಗಿ ಕಾಣದು ಅಂತ ಅವರೇ ಹೇಳಿದರು, ಸರದ ಒಂದು ಮಣಿಯೂ ಓರೆ ಆಗಲಿಲ್ಲ. ತವರದಿಂದ ಬಂಗಾರ, ಬೆಳ್ಳಿಯ ಹೊಳಪು ತರುವ ಲಾಜವರ ಅನ್ನುವ ಕೆಲಸವೂ ಇದೆ, ಈಗ ಅದನ್ನ ಮಾಡುವ ಕೈ ಕಡಿಮೆ.

ಆ ಗರುಡ ಪೇಟೆಗೆ ಹೋಗುವಾಗ ಅದರ ಮೇಲೆ ಏನು ಹೆಸರು ಇರುತ್ತದೆ? ಕಿನ್ನಾಳ ಗೊಂಬೆ, ಅಷ್ಟೇ. ಅಜ್ಜಿಯ ಹೆಸರು ಇಲ್ಲ. ಕೇಳಿದರೆ ಚಿತ್ರಗಾರರು ಮಾಡಿದ್ದು ಅನ್ನುತ್ತಾರೆ. ಯಾವ ಚಿತ್ರಗಾರ ಅಂತ ಯಾರೂ ಕೇಳುವುದಿಲ್ಲ. ಕೆರೆದಂಡೆ ಅವರೇ, ನಿಮ್ಮ ಬೇಂದ್ರೆಗೆ ಒಂದು ಸಹಿಯಾದರೂ ಇತ್ತು.

ಗಾಣದಕಟ್ಟೆ:

ತುಂಗಭದ್ರೆಸೊಸೆ ಅವರೇ, ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮ ವೆಂಕಟಪ್ಪನವರೂ ಚಿತ್ರಗಾರರ ಮನೆಯವರೇ ಅಂತ ಮೇಲೆ ಬರೆದೆನಲ್ಲ. ಅವರ ಹೆಸರಿನಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕಿನ ಪಕ್ಕ ಒಂದು ಕಲಾ ಗ್ಯಾಲರಿಯೇ ಇದೆ. ಅದೇ ಕಸುಬಿನ ನಿಮ್ಮ ಅಜ್ಜಿಗೆ ಒಂದು ಚೀಟಿ ಕೂಡ ಇಲ್ಲ.

ಬಯಲುದಾರಿ:

ನನ್ನ ತಕರಾರು ವಾಪಸ್ ತೆಗೆದುಕೊಳ್ಳುತ್ತೇನೆ ಅಂತ ಪೂರ್ತಿ ಹೇಳಲಾರೆ. ಚಿತ್ರಗಾರರ ವಿಷಯದಲ್ಲಿ ಹೆಸರು, ಕಸುಬು, ಮನೆ ಮೂರೂ ಒಟ್ಟಿಗೇ ಬಂದಿವೆ, ಅಲ್ಲಿ ನಾನು ಹೇಳಿದ್ದು ನಿಲ್ಲುತ್ತದೆ. ಬೇಂದ್ರೆ, ಕುಲಕರ್ಣಿ ವಿಷಯದಲ್ಲಿ ನೀವು ಹೇಳಿದ್ದು ಸರಿ. ಗೊಂಬೆಯ ಕೆಳಗೆ ಮಾಡಿದವರ ಹೆಸರಿನ ಒಂದು ಚೀಟಿ ಅಂಟಿಸುವುದಕ್ಕೆ ಎಷ್ಟು ಖರ್ಚಾಗುತ್ತದೆ? ನಾನು ಕೊಡಲು ತಯಾರಿದ್ದೇನೆ.

ತುಂಗಭದ್ರೆಸೊಸೆ:

ಅವರನ್ನ ಕೇಳದೆ ನಾನು ಹೂಂ ಅನ್ನುವುದಿಲ್ಲ. ಈ ವಾರ ಹೋದಾಗ ಕೇಳುತ್ತೇನೆ.

ಕೆರೆದಂಡೆ:

ಫಲಕದ ಸುದ್ದಿ. ಸಮಿತಿ ಒಪ್ಪಿತು, ಪುಣೆಪೇಟೆ ಅವರು ಬರೆದದ್ದನ್ನ ಓದಿದ ಮೇಲೆ ಯಾರೂ ಎದುರು ಮಾತಾಡಲಿಲ್ಲ. ಎರಡು ಫಲಕ ಆಗುತ್ತವೆ. ಚಿತ್ರದ ಕೆಳಗೆ ಹೀಗೆ ಬರೆಸಿದ್ದೇನೆ: "ಚಿತ್ರಕಾರ ನಾರಾಯಣ ಶ್ರೀಧರ ಬೇಂದ್ರೆ, 1910-1992. ಹುಟ್ಟೂರು ಇಂದೋರ್, ಕಲಿಸಿದ್ದು ಬರೋಡದಲ್ಲಿ." ಕವಿಯ ಕೆಳಗೆ: "ದತ್ತಾತ್ರೇಯ ರಾಮಚಂದ್ರ ಬೇಂದ್ರೆ, 1896-1981. ಧಾರವಾಡ." ಇಷ್ಟು ಸಾಕಾ?

ಮಲ್ಲಿಗೆಸಾಲು:

ಕವಿಯ ಫಲಕದಲ್ಲಿ ಅಂಬಿಕಾತನಯದತ್ತ ಅಂತಲೂ ಹಾಕಿಸಿ. ಪದ್ಯದ ಕೆಳಗೆ ಅವರು ಇಟ್ಟುಕೊಂಡದ್ದು ಅಡ್ಡಹೆಸರಲ್ಲ, ಅಮ್ಮ ಅಂಬಿಕೆಯ ಹೆಸರು.

ಕೆರೆದಂಡೆ:

ಹಾಕಿಸುತ್ತೇನೆ. ಅಚ್ಚಿಗೆ ಕೊಡಲು ಇವತ್ತು ಸಂಜೆಯವರೆಗೆ ಸಮಯ ಇದೆ.